ಆಯಿಗೆ ಬರಲಾಗುವಷ್ಟೇ ದೂರ

2020ರಲ್ಲಿ ಅಧಿಕ ಮಾಸ ಬಂದಿದ್ದು ಆಶ್ವಯುಜಕ್ಕೆ. ಸೆಪ್ಟೆಂಬರ್ 17ಕ್ಕೆ ಮಹಾಲಯ ಅಮಾವಾಸ್ಯೆ ಮುಗಿದರೂ ಮರುದಿನ ನವರಾತ್ರಿ ಶುರುವಾಗಲಿಲ್ಲ. ಅದಕ್ಕೆ ಅಕ್ಟೋಬರ್ 17ರವರೆಗೆ ಕಾಯಬೇಕಿತ್ತು. ನಡುವಿನ ಒಂದು ತಿಂಗಳು ಹಬ್ಬವಿಲ್ಲ, ಮದುವೆ ಮುಂಜಿ ಇಲ್ಲ. ತೋಟದಲ್ಲೂ ಬಿಡುವು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಮುಗಿದಿತ್ತು, ಅಡಿಕೆ ಗೊನೆಯ ಕೊಯ್ಲಿಗೆ ಇನ್ನೂ ದಿನವಿತ್ತು. ಬೆಂಗಳೂರಿನಲ್ಲಿದ್ದ ನನ್ನ ತಮ್ಮ, ಹೆಂಡತಿ ಮಗಳ ಜತೆ ವರ್ಕ್ ಫ್ರಮ್ ಹೋಮ್ ಎಂದು ಊರಿಗೆ ಬಂದು ಉಳಿದಿದ್ದ. ಕೊರೊನಾದಿಂದ ಶಾಲೆ ಮುಚ್ಚಿತ್ತು. ಮಳೆ ಹಿಂದೆ ಸರಿದು, ಶಿರಸಿಯ ಸುತ್ತಲಿನ ಕಾಡು ವರ್ಷದಲ್ಲೇ ಅತಿ ಹಸಿರಾಗಿ ಕಾಣುವ ದಿನಗಳು. ಮನೆ ತುಂಬ ಜನ, ಎಲ್ಲರಿಗೂ ಪುರುಸೊತ್ತು, ಆದರೆ ಹೊರಗೆ ಹೋಗಲು ಭಯ.

ಭಯಕ್ಕೆ ಕಾರಣ ಆಯಿ, ಅಂದರೆ ನಮ್ಮ ಅಮ್ಮ. ವಯಸ್ಸು ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಏನಾದರೂ ಹೆಚ್ಚುಕಮ್ಮಿಯಾದರೆ ನಮ್ಮ ಜಿಲ್ಲೆಯವರು ಓಡುವುದು ಹುಬ್ಬಳ್ಳಿಗೆ, ಇಲ್ಲ ಮಣಿಪಾಲಕ್ಕೆ. ಹಾಗಾಗಿ ಮೊದಲು ನಮಗೆ ತೋಚಿದ್ದು ಆಯಿಯನ್ನು ಮನೆಯಲ್ಲಿ ಬಿಟ್ಟು ನಾವಷ್ಟೇ ಹೋಗಿಬರುವುದು. ನನ್ನ ಹೆಂಡತಿ ಅದನ್ನು ಒಪ್ಪಲಿಲ್ಲ. ಸೋಂಕು ಬಂದರೆ ನಮ್ಮಿಂದಲೇ ಅವರಿಗೆ ಬರುವುದು, ಅವರು ಮನೆಯಲ್ಲಿ ಕೂತ ಮಾತ್ರಕ್ಕೆ ತಪ್ಪಿಸಿಕೊಂಡ ಹಾಗಾಯಿತೇ ಎಂದು ಕೇಳಿದಳು. ಅವಳ ಮಾತು ಸರಿಯಿತ್ತು. ಮಾರ್ಚ್‌ನಲ್ಲಿ ಮಾರಿಕಾಂಬೆ ಜಾತ್ರೆ ನೋಡಿ ಬಂದ ಮೇಲೆ ಆಯಿ ಊರ ಗಡಿ ದಾಟಿರಲಿಲ್ಲ. ಜಗಲಿಯಲ್ಲಿ ಕೂತು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದವರು ಒಳಗೆ ಬಂದು, "ಆನೂ ಬತ್ತಿ", ನಾನೂ ಬರುತ್ತೇನೆ ಎಂದರು. ಅಲ್ಲಿಗೆ ತೀರ್ಮಾನವಾಯಿತು. ಆಯಿಗೆ ಬರಲಾಗುವ ಜಾಗಕ್ಕೆ ಮಾತ್ರ ಹೋಗುವುದು, ಆಯಿಗೆ ಆಗದ್ದು ಯಾರಿಗೂ ಬೇಡ.

ಈ ಒಂದು ಅಳತೆ ಇಟ್ಟುಕೊಂಡ ಮೇಲೆ ಉಳಿದ ಪ್ರಶ್ನೆಗಳೆಲ್ಲ ತಾವಾಗಿ ಬಗೆಹರಿದವು. ನೂರಾರು ಮೆಟ್ಟಿಲಿಳಿಯುವ ಜಲಪಾತ ಬಿಟ್ಟುಹೋಯಿತು. ಸೂರಿನ ಕೆಳಗೆ ಜನ ಸೇರುವ ಜಾಗವೆಲ್ಲ ಬಿಟ್ಟುಹೋಯಿತು. ಭಾನುವಾರವೂ ಹೋಯಿತು. ತಮ್ಮ ತನ್ನ ಆಫೀಸಿನಲ್ಲಿ ಕೇಳಿಕೊಂಡು ಶನಿವಾರ ಕೆಲಸ ಮಾಡಿ ವಾರದ ನಡುವೆ ರಜೆ ಹಾಕತೊಡಗಿದ. ಅವನ ಮಗಳ ಆನ್‌ಲೈನ್ ಕ್ಲಾಸು ನೋಡಿಕೊಂಡು ದಿನ ಗೊತ್ತು ಮಾಡುತ್ತಿದ್ದೆವು. ಹೊರಗಿನವರು ಯಾರೂ ನಮ್ಮ ಕಾರು ಹತ್ತಲಿಲ್ಲ. ಒಂದೇ ಮನೆಯಲ್ಲಿ ಉಣ್ಣುವವರು ಮಾತ್ರ, ಕಿಟಕಿ ಇಳಿಸಿಕೊಂಡು.

ಹೊತ್ತು ಗೊತ್ತುಮಾಡಿದ್ದು ಮಳೆ ನಕ್ಷತ್ರ. ಉತ್ತರೆ ಮಳೆಯ ಕಾಲದಲ್ಲಿ, ಅಂದರೆ ಸೆಪ್ಟೆಂಬರ್ ಎರಡನೇ ಭಾಗದಲ್ಲಿ, ಎಲ್ಲಿಗೂ ಹೊರಡಲಿಲ್ಲ. ಆ ಸಲ 20ನೇ ತಾರೀಖಿನ ಹೊತ್ತಿಗೆ ಕರಾವಳಿಯಲ್ಲಿ ಹೊಡೆದ ಮಳೆಗೆ ಉಡುಪಿಯೇ ಮುಳುಗಿತ್ತು. ಹಸ್ತ ಹಿಡಿದ ಮೇಲೆ ಮಳೆಯ ಸ್ವಭಾವ ಬದಲಾಗುತ್ತದೆ. ಬೆಳಗ್ಗೆ ತೊಳೆದಿಟ್ಟ ಆಕಾಶ, ಮಧ್ಯಾಹ್ನ ಸೆಕೆ, ಮೂರು ಗಂಟೆಯ ಮೇಲೆ ಗುಡುಗು. ಚಿತ್ತ ಮಳೆಗಂತೂ ಸಿಡಿಲಿನದೇ ಹೆದರಿಕೆ. ಅದಕ್ಕೇ ಬೆಳಕು ಹರಿಯುವ ಮೊದಲೇ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುವುದು ಅಥವಾ ಸೇರುವ ದಾರಿಯಲ್ಲಿರುವುದು ರೂಢಿಯಾಯಿತು. ಹತ್ತು ಗಂಟೆಯ ಮೊದಲು ಎಲ್ಲೂ ಜನವಿರುವುದಿಲ್ಲ, ಅದೊಂದು ಲಾಭ ಬೇರೆ. ಉಂಬಳ, ಅಂದರೆ ಕಾಡಿನ ಜಿಗಣೆ, ಅಷ್ಟರಲ್ಲಿ ಕಡಿಮೆಯಾಗಿದ್ದರೂ ಪೂರ್ತಿ ಹೋಗಿರಲಿಲ್ಲ. ಒದ್ದೆ ತರಗೆಲೆಯ ದಾರಿ ಬಿಟ್ಟು ಟಾರು ರಸ್ತೆ, ಕೆರೆ ಏರಿ, ಕಲ್ಲು ಹಾಸಿನ ಮೇಲಷ್ಟೇ ನಡೆಯುವುದು ಆಯಿಯ ಕಾಲಿಗೂ ಒಳ್ಳೆಯದು, ಸಕ್ಕರೆ ಇರುವವರ ಕಾಲಿನ ಗಾಯ ಬೇಗ ಮಾಯುವುದಿಲ್ಲವಲ್ಲ.

ಮೊದಲು ಹೋಗಿದ್ದು ಸೋಂದೆ ಹತ್ತಿರದ ಮುಂಡಿಗೆಕೆರೆಗೆ. ಸೋಂದೆಗೆ ಬಂದವರು ವಾದಿರಾಜ ಮಠಕ್ಕೋ ಸ್ವರ್ಣವಲ್ಲಿಗೋ ಹೋಗಿ ಮರಳುತ್ತಾರೆ, ಈ ಕೆರೆ ನೋಡುವವರು ಕಡಿಮೆ. ದೊಡ್ಡ ಕೆರೆಯೇನಲ್ಲ. ಅದರೊಳಗೆ ಮುಂಡಿಗೆ ಬೆಳೆದಿದೆ. ಅದು ಕೇದಗೆಯ ಬಳಗದ ಗಿಡ, ಉದ್ದುದ್ದ ಎಲೆಯ ಅಂಚಿನ ತುಂಬ ಮುಳ್ಳು. ಮಳೆಗಾಲ ಬಂತೆಂದರೆ ಬೆಳ್ಳಕ್ಕಿಗಳು ಅದರ ಮೇಲೆ ಗೂಡು ಕಟ್ಟುತ್ತವೆ. ಸುತ್ತ ನೀರು, ಬುಡದಿಂದ ತುದಿವರೆಗೆ ಮುಳ್ಳು, ಮರಿಗಳ ತಂಟೆಗೆ ಸುಲಭಕ್ಕೆ ಯಾರೂ ಬರಲಾರರು.

ನಾವು ಹೋದಾಗ ಹೆಚ್ಚಿನ ಮರಿಗಳು ದೊಡ್ಡವಾಗಿದ್ದವು. ಇನ್ನೂ ಗೂಡಲ್ಲಿದ್ದ ಕೆಲವನ್ನು ಆಯಿ ಏರಿಯ ಮೇಲೆ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದರು. ತಾಯಿ ಹಕ್ಕಿ ಬಂದು ಇಳಿದ ಕೂಡಲೇ ಮರಿ ಅದರ ಕೊಕ್ಕನ್ನು ಅಡ್ಡಡ್ಡ ಕಚ್ಚಿ ಹಿಡಿದು ಕೆಳಕ್ಕೆ ಜಗ್ಗುತ್ತದೆ. ತಾಯಿಯ ಕತ್ತು ಬಾಗುತ್ತದೆ, ಗಂಟಲಿನೊಳಗಿಂದ ಏನೋ ಮೇಲಕ್ಕೇರಿ ಬರುವುದು ಕಾಣುತ್ತದೆ, ಮರುಕ್ಷಣ ಮರಿಯ ಬಾಯಿ ತುಂಬಿರುತ್ತದೆ. ಪಕ್ಕದ ಮರಿ ಬಿಡುತ್ತದೆಯೇ, ಅದೂ ಬಂದು ಜಗ್ಗುತ್ತದೆ. ತಾಯಿ ಒಂದು ಹೆಜ್ಜೆ ಹಿಂದೆ ಸರಿದು, ಇನ್ನೊಂದು ಎಲೆಗೆ ಹಾರಿ, ಕೊನೆಗೆ ತಡೆಯಲಾರದೆ ಎದ್ದು ಹೋಗುತ್ತದೆ. ಇದನ್ನೇ ಬಿಸಿಲೇರುವವರೆಗೆ ನೋಡಿದೆವು. ತಮ್ಮನ ಮಗಳು ಬೈನಾಕ್ಯುಲರ್ ಅಜ್ಜಿಗೆ ಹಿಡಿದು ಕೊಡುವುದು, ಅವರು ಕಂಡಿದ್ದನ್ನು ಹೇಳುವುದು, ಅವಳು ಕಸಿದು ನೋಡುವುದು. ಮೊಬೈಲ್ ಪರದೆಯಿಂದ ಆ ಮಗುವಿನ ಕಣ್ಣು ಅಷ್ಟು ಹೊತ್ತು ಕಿತ್ತಿದ್ದು ಅದೆಷ್ಟೋ ತಿಂಗಳಲ್ಲಿ ಅದೇ ಮೊದಲು. ಪಕ್ಷಿ ನೋಡಲು ಹೋಗುವವರಿಗೆ ಒಂದು ಮಾತು: ಕೆರೆಯ ಏರಿಯಿಂದ ಇಳಿದು ನೀರಿನ ಹತ್ತಿರ ಹೋಗಬೇಡಿ. ದೊಡ್ಡ ಹಕ್ಕಿಗಳು ಬೆದರಿ ಎದ್ದರೆ ಗೂಡಿನಲ್ಲಿರುವ ಮರಿ ನೀರಿಗೆ ಬೀಳುತ್ತದೆ.

ಊಟ ತಿಂಡಿ ಎಲ್ಲ ಮನೆಯ ಬುತ್ತಿ. ಸೌತೆಕಾಯಿ ತೆಳ್ಳೇವು, ಅಂದರೆ ತೆಳು ದೋಸೆ, ಬಾಳೆಲೆಯಲ್ಲಿ ಕಟ್ಟಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ, ಜತೆಗೆ ಗಟ್ಟಿ ಚಟ್ನಿ, ಹಚ್ಚಿದ ಅವಲಕ್ಕಿ, ಫ್ಲಾಸ್ಕಿನಲ್ಲಿ ಕಷಾಯ. ಬುತ್ತಿ ಸುಲಭ. ಕಷ್ಟದ ವಿಷಯ ಬೇರೆ ಇದೆ, ಅದನ್ನು ಯಾರೂ ಬರೆಯುವುದಿಲ್ಲ. ವಯಸ್ಸಾದವರು, ಅದರಲ್ಲೂ ಸಕ್ಕರೆ ಇರುವವರು, ಎರಡು ಗಂಟೆಗೊಮ್ಮೆ ಬಚ್ಚಲಿಗೆ ಹೋಗಲೇಬೇಕು. ಹಾದಿಬದಿಯ ಶೌಚಾಲಯಕ್ಕೆ ಕರೆದೊಯ್ಯಲು ಆಗಿನ ಸ್ಥಿತಿಯಲ್ಲಿ ಮನಸ್ಸಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹಿರಿಯರು ಹೊರಗೆ ಬರಲೊಲ್ಲೆ ಎನ್ನುವುದು ಇದೊಂದೇ ಕಾರಣಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ನಮ್ಮ ಕಡೆಯ ಹಳೆ ಮನೆಗಳ ಬಚ್ಚಲು ಇದಕ್ಕೆ ಒದಗಿತು. ಅದು ಮನೆಯಿಂದ ಬೇರೆಯಾಗಿ ಹಿತ್ತಿಲಲ್ಲಿರುತ್ತದೆ, ಒಳಗೆ ಕಾಲಿಡದೆ ಹೋಗಿಬರಬಹುದು. ಹೊರಡುವ ಹಿಂದಿನ ದಿನ ದಾರಿಯಲ್ಲಿರುವ ನೆಂಟರಿಗೋ ಪರಿಚಯದವರಿಗೋ ಫೋನ್ ಮಾಡಿ ಕೇಳುತ್ತಿದ್ದೆ. ಯಾರೂ ಬೇಡ ಎನ್ನಲಿಲ್ಲ. ಆದರೆ ಹವ್ಯಕರ ಮನೆಯ ಅಂಗಳಕ್ಕೆ ಬಂದು ಆಸರಿಗೆ, ಅಂದರೆ ಬಾಯಾರಿಕೆಗೆ ಕೊಡುವ ಪಾನೀಯ, ಕುಡಿಯದೆ ಹೋಗುವುದುಂಟೇ? ಕುಡಿಯದಿದ್ದರೆ ಅವರಿಗೆ ನೋವು, ಒಳಗೆ ಹೋದರೆ ಇಬ್ಬರಿಗೂ ಅಂಜಿಕೆ. ಅಂಗಳದಲ್ಲೇ ನಿಂತು, ನಮ್ಮ ಲೋಟ ನಾವೇ ಹಿಡಿದು, ಅವರು ಮೇಲಿಂದ ಎರೆದ ಮಜ್ಜಿಗೆ ಕುಡಿದು ಹೊರಡುತ್ತಿದ್ದೆವು. ಮಾಸ್ಕ್ ಹಾಕಿಕೊಂಡೇ ಮಾತು. ತಿಂಗಳುಗಟ್ಟಲೆ ಮುಖ ಕಾಣದಿದ್ದ ಎಷ್ಟೋ ಹಿರಿಯರನ್ನು ಆಯಿ ಹೀಗೆ ಅಂಗಳದಲ್ಲಿ ಕಂಡು ಮಾತಾಡಿಸಿದರು. ಜಲಪಾತಕ್ಕಿಂತ ಅದೇ ಅವರಿಗೆ ಹೆಚ್ಚು ಹಿಡಿಸಿತು ಎಂದು ನನ್ನ ಎಣಿಕೆ.

ಜಲಪಾತವನ್ನೂ ತೋರಿಸಿದೆವು. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುವುದನ್ನು ಸರಿಯಾಗಿ ಕಾಣಬೇಕೆಂದರೆ ಮೆಟ್ಟಿಲು ಇಳಿಯಬೇಕು. ಅದನ್ನು ಬಿಟ್ಟು ಯಲ್ಲಾಪುರದ ಮಾಗೋಡಿಗೆ ಹೋದೆವು. ಅಲ್ಲಿ ಕಾರು ನಿಲ್ಲಿಸಿ ತುಸು ನಡೆದರೆ ಬೇಡ್ತಿ ನದಿ ಎರಡು ಹಂತವಾಗಿ ಕಣಿವೆಗೆ ಬೀಳುವುದು ಎದುರಿಗೇ ಕಾಣುತ್ತದೆ. ಜುಲೈನಲ್ಲಿ ಹೋದರೆ ಮಂಜು ಮುಚ್ಚಿ ಸದ್ದು ಮಾತ್ರ ಕೇಳುತ್ತದೆ, ಜನವರಿಗೆ ನೀರು ಸಣ್ಣದಾಗಿರುತ್ತದೆ. ನೀರೂ ಇದ್ದು ಮಂಜೂ ಇಲ್ಲದ ದಿನಗಳೆಂದರೆ ಇವೇ. ಸಹಸ್ರಲಿಂಗಕ್ಕೆ ಮಾತ್ರ ಈ ಕಾಲದಲ್ಲಿ ಹೋಗಿ ಪ್ರಯೋಜನವಿಲ್ಲ, ಶಾಲ್ಮಲೆ ತುಂಬಿ ಲಿಂಗಗಳು ನೀರಿನಡಿ ಇರುತ್ತವೆ, ಬಂಡೆಯೂ ಜಾರುತ್ತದೆ.

ಅನ್‌ಲಾಕ್ ಆದ ಮೇಲೆ ವಾರದ ಕೊನೆಗೆ ದೂರದ ಊರುಗಳಿಂದ ಗುಂಪುಗುಂಪಾಗಿ ಜನ ಜಲಪಾತಗಳಿಗೆ ಬರತೊಡಗಿದ್ದರು. ಏಪ್ರಿಲ್‌ನಲ್ಲಿ ಊರ ಬಾಗಿಲಿಗೆ ಬೇಲಿ ಹಾಕಿ ತಮ್ಮನ್ನು ಕಾಯ್ದುಕೊಂಡ ಹಳ್ಳಿಗಳವು. ಅಲ್ಲಿ ಬಾಟಲಿ ಒಡೆದು, ಮಾಸ್ಕ್ ಎಸೆದು ಹೋದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನಾವು ಪಕ್ಕದ ತಾಲೂಕಿನವರೇ ಆದರೂ ಆ ಊರಿಗೆ ಹೊರಗಿನವರೇ ಅಲ್ಲವೇ? ಕಾರು ನಿಲ್ಲಿಸುವ ಮೊದಲು ಹತ್ತಿರದ ಮನೆಯವರನ್ನು ಕೇಳುತ್ತಿದ್ದೆವು. ಅವರು ಮಾರುವ ಜೇನುತುಪ್ಪವೋ ಅಪ್ಪೆಮಿಡಿ ಉಪ್ಪಿನಕಾಯಿಯೋ ಇದ್ದರೆ ಕೊಳ್ಳುತ್ತಿದ್ದೆವು. ಅವರಿಗೂ ಆ ವರ್ಷ ವ್ಯಾಪಾರ ನಿಂತುಹೋಗಿತ್ತು.

ಆ ತಿಂಗಳ ನಮ್ಮ ದೊಡ್ಡ ಸಂಗತಿ ಮಿರ್ಜಾನ್ ಕೋಟೆ. ತಂಗಿ ಕಾರವಾರದಲ್ಲಿದ್ದಾಳೆ, ಬ್ಯಾಂಕಿನ ಕೆಲಸ, ದಿನಾ ಜನರ ಜತೆ ವ್ಯವಹಾರ. ಅದಕ್ಕೇ ಅವಳು ಮಾರ್ಚ್‌ನಿಂದ ತವರಿಗೆ ಬಂದಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಆಯಿ ಅವಳ ಮುಖಕ್ಕಿಂತ ಹೆಚ್ಚಾಗಿ ಅವಳ ಹಿಂದಿನ ಗೋಡೆ ನೋಡಿದ್ದೇ ಬಂತು. ಮನೆಯೊಳಗೆ ಸೇರುವುದು ಬೇಡ, ನಡುದಾರಿಯಲ್ಲಿ ಬಯಲಲ್ಲಿ ಸೇರೋಣ ಎಂದು ಯೋಚಿಸಿದಾಗ ಮಿರ್ಜಾನ್ ಹೊಳೆಯಿತು. ಅವಳು ಅಂಕೋಲಾ ದಾಟಿ ಹೆದ್ದಾರಿಯಲ್ಲೇ ಬರಬಹುದು, ನಾವು ದೇವಿಮನೆ ಘಟ್ಟ ಇಳಿದು ಕುಮಟಾ ಕಡೆಯಿಂದ ಸೇರಬಹುದು. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ದೂರ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜತೆ ಹೇಳುವ ಕೋಟೆ ಇದು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಅವಳನ್ನೇ. ನಮ್ಮ ಘಟ್ಟದ ಮೆಣಸು ಹಡಗು ಹತ್ತಲು ಇಳಿಯುತ್ತಿದ್ದುದು ಈ ದಂಡೆಗೆ. ಕೆಂಪು ಚಿರೆಕಲ್ಲಿನ ಗೋಡೆಗಳಿಗೆ ಮಳೆಗಾಲದಲ್ಲಿ ಹಾವಸೆ, ಜರಿಗಿಡ ಹತ್ತಿ, ಅಕ್ಟೋಬರ್ ಮೊದಲ ವಾರದಲ್ಲೂ ಇಡೀ ಕೋಟೆ ಹಸಿರು ಮಖಮಲ್ಲು ಹೊದ್ದಂತೆ ಇರುತ್ತದೆ. ಒಳಗೆ ವಿಶಾಲ ಹುಲ್ಲು ಬಯಲು, ಮೇಲೆ ಆಕಾಶ, ಗಾಳಿ ಧಾರಾಳ. ಹಾವಸೆಯ ಮೆಟ್ಟಿಲು ಜಾರುತ್ತದೆಂದು ತಮ್ಮ ಮತ್ತು ನಾನು ಆಯಿಯ ಎರಡೂ ಕೈ ಹಿಡಿದು ಹತ್ತಿಸಿದೆವು.

ಎರಡು ಚಾಪೆ ಹಾಸಿದೆವು, ನಡುವೆ ಮೂರು ಮಾರು ಅಂತರ. ತಂಗಿಯ ಮನೆಯವರದು ಒಂದು, ನಮ್ಮದೊಂದು. ಬುತ್ತಿಯೂ ಬೇರೆ ಬೇರೆ. ಉಣ್ಣುವಾಗ ಎಲ್ಲರ ಮಾಸ್ಕ್ ಇಳಿಯುವುದರಿಂದ ಒಂದು ಕಡೆಯವರು ಉಂಡ ಮೇಲೆ ಇನ್ನೊಂದು ಕಡೆಯವರು ಉಣ್ಣುವುದೆಂದು ತಂಗಿಯೇ ಹೇಳಿದಳು. ಮೊದಲು ಅವಳು ಉಂಡಳು. ಆಯಿ ಎದುರು ಕೂತು, ಮಗಳು ಏನು ಉಣ್ಣುತ್ತಿದ್ದಾಳೆ, ಎಷ್ಟು ಉಣ್ಣುತ್ತಿದ್ದಾಳೆ ಎಂದು ನೋಡುತ್ತಿದ್ದರು. "ಸಣ್ಣಾಗೋಯ್ದೆ", ಸಣ್ಣಗಾಗಿದ್ದೀಯ ಎಂದರು. ಮುಟ್ಟುವ ಹಾಗಿರಲಿಲ್ಲ, ಇಬ್ಬರಿಗೂ ಅದು ಕಷ್ಟವಾಯಿತು. ಹೊರಡುವಾಗ ಆಯಿ ತಾವು ಕಟ್ಟಿ ತಂದಿದ್ದ ಸುಕ್ಕಿನುಂಡೆಯ ಡಬ್ಬಿಯನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದರು, ತಂಗಿ ಬಂದು ತೆಗೆದುಕೊಂಡಳು. ಅಲ್ಲಿಂದ ಮುಂದೆ ಹದಿನಾಲ್ಕು ದಿನ ನಾವು ಯಾರನ್ನೂ ಹತ್ತಿರ ಸೇರಿಸಲಿಲ್ಲ, ಯಾರಿಗೂ ಏನೂ ಆಗಲಿಲ್ಲ.

ಬರುವಾಗ ಮಾಣಿಕಟ್ಟಾ ಕಡೆ ತಿರುಗಿ ಅಘನಾಶಿನಿಯ ಗಜನಿ ಗದ್ದೆ, ಅಂದರೆ ಉಪ್ಪುನೀರು ನುಗ್ಗುವ ಗದ್ದೆ, ನೋಡಿದೆವು. ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಭತ್ತ ಎದೆಮಟ್ಟ ಬೆಳೆದು ಬಾಗಿತ್ತು. ಗದ್ದೆಯಲ್ಲಿದ್ದವರು ನೀರಿನಲ್ಲಿ ನಿಂತೇ ತೆನೆ ಕೊಯ್ಯುತ್ತಿದ್ದರು. ಕಾರಿನಿಂದ ಇಳಿಯದೆ ನೋಡಲು ಇಷ್ಟು ಚಂದದ ಜಾಗ ಕರಾವಳಿಯಲ್ಲಿ ಬೇರೆ ಇಲ್ಲ.

ರಾತ್ರಿ ಉಳಿದಿದ್ದು ಒಂದೇ ಸಲ, ಯಾಣದ ದಾರಿಯ ಒಂದು ಹೋಂಸ್ಟೇಯಲ್ಲಿ. ಹಿಂದಿನ ಅತಿಥಿಗಳು ಹೋಗಿ ಎಷ್ಟು ದಿನವಾಯಿತೆಂದು ಕೇಳಿ, ಇಡೀ ಮನೆ ನಮಗೇ ಹಿಡಿದು, ಹಾಸಿಗೆ ಬಟ್ಟೆ ಒಯ್ದಿದ್ದೆವು. ಅಡುಗೆ ಅವರದು, ಬಡಿಸಿಕೊಂಡಿದ್ದು ನಾವು. ಚೆನ್ನಾಗಿತ್ತು. ಆದರೆ ಆಯಿಗೆ ಹೊಸ ಜಾಗದಲ್ಲಿ ನಿದ್ದೆ ಬರಲಿಲ್ಲ, ಮತ್ತೆ ಆ ಯೋಚನೆ ಮಾಡಲಿಲ್ಲ.

ಅಕ್ಟೋಬರ್ 11ಕ್ಕೆ ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ಸುದ್ದಿ ಬಂತು, ಆಮೇಲೆ ನವರಾತ್ರಿಯ ರಜೆ. ಎಲ್ಲ ಕಡೆ ಜನ ಹೆಚ್ಚಿದರು. ನಾವು ನಿಲ್ಲಿಸಿದೆವು. ತಿಂಗಳ ಕೊನೆಯ ಭೂಮಿ ಹುಣ್ಣಿಮೆಗೆ ಮಾತ್ರ ನಮ್ಮದೇ ಗದ್ದೆಯಲ್ಲಿ ಸೇರಿದೆವು. ಹೊಡೆಗಟ್ಟಿದ ಪೈರಿಗೆ ಪೂಜೆ ಮಾಡಿ ಅಲ್ಲೇ ಉಣ್ಣುವುದು ಮೊದಲಿಂದ ಬಂದ ಪದ್ಧತಿ, ಅದಕ್ಕೆ ಕೊರೊನಾ ನಿಯಮವೇನೂ ಹೊಸದಾಗಿ ಬೇಕಿರಲಿಲ್ಲ. ತಂಗಿಯನ್ನೂ ಕರೆದೆವು. ಅವಳ ಮನೆಯವರಿಗೆ ಗದ್ದೆಯ ಆಚೆಯ ಹಾಳಿ (ಬದು), ನಮಗೆ ಈಚೆಯ ಹಾಳಿ. ಈ ಸಲ ಬಡಿಸಿದ್ದು ಆಯಿ, ಮಾಸ್ಕ್ ಹಾಕಿಕೊಂಡು, ಉದ್ದ ಹಿಡಿಕೆಯ ಸೌಟಿನಲ್ಲಿ, ಮೊದಲು ಮಗಳ ಬಾಳೆಗೆ.