ಡಾಕ್ಟ್ರು ಬರ್ದಿರೋ ಮಾತ್ರೆ ಖರ್ಚು ಕಮ್ಮಿ ಮಾಡ್ಕೊಳೋದು ಹೇಗೆ

ಬಿಪಿ, ಶುಗರ್ ಅಂತ ತಿಂಗಳು ತಿಂಗಳು ಮಾತ್ರೆಗೆ ದುಡ್ಡು ಸುರೀತಾ ಇರೋರು ಮೊದ್ಲು ಮನೇಲಿರೋ ಸ್ಟ್ರಿಪ್ಪು ಡಬ್ಬಿ ಎಲ್ಲಾ ಒಂದು ಕಡೆ ಹರಡ್ಕೊಂಡು ಕೂತ್ಕೊಳಿ. ಕಂಪನಿ ಇಟ್ಟಿರೋ ಬ್ರ್ಯಾಂಡ್ ಹೆಸರು ಬಿಡಿ, ಅದರ ಜೊತೆ ಮೆಟ್‌ಫಾರ್ಮಿನ್ 500 ಎಂಜಿ, ಆಮ್ಲೋಡಿಪಿನ್ 5 ಎಂಜಿ ಅಂತ ಇರತ್ತಲ್ಲ ಅದೇ ಒಳಗಿರೋ ಔಷಧಿ. ಅದನ್ನ ಬರ್ಕೊಳಿ, ಎಸ್‌ಆರ್ ಎಕ್ಸ್‌ಆರ್ (ಅಂದ್ರೆ ನಿಧಾನಕ್ಕೆ ಕರಗೋ ಮಾತ್ರೆ) ಅಂತ ಇದ್ರೆ ಅದೂ ಸೇರಿಸಿ. ಎಷ್ಟೋ ಸಲ ಇಬ್ರು ಡಾಕ್ಟ್ರು ಬೇರೆ ಬೇರೆ ಬ್ರ್ಯಾಂಡಲ್ಲಿ ಒಂದೇ ಔಷಧಿ ಬರ್ದಿರೋದು ಇಲ್ಲೇ ಸಿಕ್ಕಿಬೀಳತ್ತೆ, ಅದು ದುಡ್ಡಿಗೂ ದಂಡ, ಡೋಸ್ ಡಬಲ್ ಆಗಿ ಮೈಗೂ ಅಪಾಯ.

ಈ ಹೆಸರು ಹಿಡ್ಕೊಂಡು ಜೆನೆರಿಕ್ ಕೇಳಿ. ಜೆನೆರಿಕ್ ಅಂದ್ರೆ ಡೂಪ್ಲಿಕೇಟ್ ಅಲ್ಲ, ಪೇಟೆಂಟ್ ಮುಗಿದ್ಮೇಲೆ ಬೇರೆ ಕಂಪನಿಗಳು ಅದೇ ಔಷಧಿ ಮಾಡ್ತವೆ, ಮೊದಲ್ನೇ ಕಂಪನಿ ಮಾಡಿದ ರಿಸರ್ಚ್ ಖರ್ಚು ಇವರಿಗಿಲ್ಲ ಅದಕ್ಕೇ ರೇಟ್ ಕಮ್ಮಿ. ಆದ್ರೆ ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂಗೆ ಕೊಡೋ ವಾರ್ಫರಿನ್, ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಇವುಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ತೊಂದ್ರೆ, ಡಾಕ್ಟ್ರಿಗೆ ಹೇಳ್ದೆ ಕಂಪನಿ ಬದಲಾಯಿಸ್ಬೇಡಿ.

ನನ್ ಪ್ರಕಾರ ಜಾಸ್ತಿ ಉಳಿಯೋದು ಡಾಕ್ಟ್ರ ಹತ್ರ ಬಾಯಿಬಿಟ್ಟು ಮಾತಾಡಿದ್ರೆ. "ಡಾಕ್ಟ್ರೇ, ಇಷ್ಟು ಖರ್ಚು ನಮ್ಮ ಕೈಲಿ ಆಗಲ್ಲ, ಇದರ ಬದಲು ಕಮ್ಮಿ ರೇಟಿಂದು ಇದ್ಯಾ, ಇದ್ರಲ್ಲಿ ಇನ್ಮೇಲೆ ಬೇಡವಾಗಿರೋದು ಯಾವ್ದಾದ್ರೂ ಇದ್ಯಾ" ಅಂತ ಕೇಳಿ. ನೋವಿನ ಮಾತ್ರೆ ಜೊತೆ ಕೊಟ್ಟ ಗ್ಯಾಸ್ಟ್ರಿಕ್ ಮಾತ್ರೆ, ನೋವು ಹೋಗಿ ಎಷ್ಟೋ ಕಾಲ ಆದ್ರೂ ನಡೀತಾನೇ ಇರತ್ತೆ, ಯಾರೂ ನಿಲ್ಸಿ ಅಂದಿರಲ್ಲ. ಸಂಕೋಚಕ್ಕೆ ಬಿದ್ದು ಹೇಳ್ದೇನೇ ದಿನ ಬಿಟ್ಟು ದಿನ ನುಂಗೋರು ತುಂಬ ಜನ ಇದಾರೆ, ದಯವಿಟ್ಟು ಹಂಗ್ ಮಾಡ್ಬೇಡಿ, ಬಿಪಿ ಇಳೀದೆ ಇರೋದು ನೋಡಿ ಡಾಕ್ಟ್ರು ಮಾತ್ರೆ ಕೆಲಸ ಮಾಡ್ತಿಲ್ಲ ಅನ್ಕೊಂಡು ಡೋಸ್ ಏರಿಸ್ತಾರೆ, ಇಲ್ಲಾ ಇನ್ನೊಂದು ಸೇರಿಸ್ತಾರೆ, ಖರ್ಚು ಇನ್ನೂ ಜಾಸ್ತಿ ಆಗತ್ತೆ.

ಹೊಸ ಮಾತ್ರೆ ಶುರು ಮಾಡೋವಾಗ ಕೆಲವು ದಿನಕ್ಕೆ ಆಗೋಷ್ಟು ಮಾತ್ರ ಕೊಂಡ್ಕೊಳಿ, ಒಗ್ಗದೆ ಬದಲಾಯಿಸ್ಬೇಕಾದ್ರೆ ಉಳಿದಿದ್ದು ದಂಡ ಆಗಲ್ಲ. ಒಗ್ಗಿದ್ಮೇಲೆ ಒಟ್ಟಿಗೆ ಜಾಸ್ತಿ ಕೊಂಡ್ಕೊಂಡ್ರೆ ಕೆಲವು ಕಡೆ ಅಗ್ಗ ಬೀಳತ್ತೆ, ಆದ್ರೆ ಪ್ಯಾಕ್ ರೇಟ್ ನೋಡ್ಬೇಡಿ, ಒಂದು ಮಾತ್ರೆಗೆ ಎಷ್ಟು ಅಂತ ಲೆಕ್ಕ ಹಾಕಿ, ಎಕ್ಸ್‌ಪೈರಿ ಡೇಟೂ ನೋಡಿ.

10 ಎಂಜಿ ಮಾತ್ರೆ ರೇಟು 5 ಎಂಜಿಯ ಡಬಲ್ ಇರ್ಲೇಬೇಕು ಅಂತೇನಿಲ್ಲ, ಹಂಗಾಗಿ ದೊಡ್ಡದು ತಗೊಂಡು ಅರ್ಧ ಮಾಡೋದೂ ಒಂದು ದಾರಿ. ಮಧ್ಯದಲ್ಲಿ ಗೆರೆ ಇರ್ಬೇಕು, ಡಾಕ್ಟ್ರು ಇಲ್ಲಾ ಫಾರ್ಮಸಿಸ್ಟ್ ಸರಿ ಅನ್ಬೇಕು. ಕ್ಯಾಪ್ಸೂಲ್ ಮುರೀಲೇಬೇಡಿ, ನಿಧಾನಕ್ಕೆ ಕರಗೋ ಎಸ್‌ಆರ್ ಎಕ್ಸ್‌ಆರ್ ಮಾತ್ರೆನೂ ಅಷ್ಟೇ, ಇಡೀ ದಿನದ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ಸೇರಿಬಿಡಬಹುದು.

ಚೀಟಿ ಕೇಳ್ದೇನೇ ಮಾತ್ರೆ ಕಳಿಸ್ತೀವಿ ಅನ್ನೋ ವೆಬ್‌ಸೈಟ್‌ಗಳ ತಂಟೆಗೆ ಹೋಗ್ಬೇಡಿ, ಎಷ್ಟೇ ಅಗ್ಗ ಇದ್ರೂ ಒಳಗೆ ಏನಿದೆ ಅಂತ ಹೇಳೋಕೆ ಅಲ್ಲಿ ಯಾರೂ ಇರಲ್ಲ.