ಜರ್ಮನ್ ಶ್ಯಾಡೋರನ್: ಕಾದಂಬರಿಗಳನ್ನೂ ಇಂಗ್ಲಿಷಿಗೆ ಬಾರದ ಕೈಪಿಡಿಗಳನ್ನೂ ಹುಡುಕಿ ಓದುವ ಬಗೆ

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ರೋಲ್‌ಪ್ಲೇ ಆಟವಾದ ಶ್ಯಾಡೋರನ್ ಅನ್ನು ಇಂಗ್ಲಿಷ್ ಪುಸ್ತಕಗಳ ಮೂಲಕ ಬಲ್ಲವರಿಗೆ ಅದರ ಲೋಕವೆಂದರೆ ಮೊದಲು ನೆನಪಾಗುವುದು ಸಿಯಾಟಲ್ ನಗರ. ಮಾಯಾಶಕ್ತಿ ಮತ್ತೆ ಎಚ್ಚೆತ್ತ, ಸರ್ಕಾರಗಳಿಗಿಂತ ದೈತ್ಯ ಕಂಪನಿಗಳೇ ಬಲಿಷ್ಠವಾಗಿರುವ, ಎಲ್ಫ್, ಟ್ರೋಲ್ ಮತ್ತು ಡ್ರ್ಯಾಗನ್‌ಗಳು ಮನುಷ್ಯರ ನಡುವೆಯೇ ಬಾಳುವ, ಕೂಲಿಗೆ ಕಳ್ಳತನ ಮಾಡುವ ‘ರನ್ನರ್’ಗಳು ಕಥಾನಾಯಕರಾಗಿರುವ ಈ ಭವಿಷ್ಯಲೋಕವನ್ನು ಚಿಕಾಗೊದ ಫಾಸಾ ಕಾರ್ಪೊರೇಷನ್ 1989ರಲ್ಲಿ ಹೊರತಂದಿತು. ಆದರೆ ಇದೇ ಲೋಕಕ್ಕೆ ಜರ್ಮನ್ ಭಾಷೆಯಲ್ಲಿ ಬೇರೆಯದೇ ಒಂದು ಬೆಳವಣಿಗೆಯಿದೆ. ಅಲ್ಲಿನ ಲೇಖಕರೇ ಬರೆದ ಕಾದಂಬರಿಗಳು, ಅಲ್ಲಿನ ಪ್ರಕಾಶಕರೇ ಸಿದ್ಧಪಡಿಸಿದ ಪ್ರದೇಶ ಕೈಪಿಡಿಗಳು ಮತ್ತು ಅನುವಾದಿತ ನಿಯಮಗ್ರಂಥಗಳಿಗೆ ಸೇರಿಸಿದ ಹೆಚ್ಚುವರಿ ಅಧ್ಯಾಯಗಳು ಅದರಲ್ಲಿ ಸೇರಿದ್ದು, ಇವುಗಳಲ್ಲಿ ಬಹುಪಾಲು ಇಂಗ್ಲಿಷಿಗೆ ಬಂದೇ ಇಲ್ಲ. ಅಲ್ಪಸ್ವಲ್ಪ ಜರ್ಮನ್ ಕಲಿತಿರುವ, ಅಥವಾ ಓದಿಗಾಗಿ, ಕೆಲಸಕ್ಕಾಗಿ ಜರ್ಮನಿಗೆ ಹೋಗಿ ನೆಲೆಸಿರುವ ಕನ್ನಡಿಗ ಆಟಗಾರರು ಈ ಭಂಡಾರಕ್ಕೆ ಹೇಗೆ ಕೈಹಾಕಬಹುದು ಎಂಬುದನ್ನು ಈ ಬರಹ ವಿವರಿಸುತ್ತದೆ.

ಹುಡುಕಾಟಕ್ಕೆ ಇಳಿಯುವ ಮುನ್ನ ಯಾವ ಕಾಲದಲ್ಲಿ ಯಾರು ಪ್ರಕಟಿಸುತ್ತಿದ್ದರು ಎಂಬುದನ್ನು ತಿಳಿದಿರಬೇಕು, ಏಕೆಂದರೆ ಅಂಗಡಿಗಳಲ್ಲಿಯೂ ಗ್ರಂಥಾಲಯದ ಸೂಚಿಗಳಲ್ಲಿಯೂ ಪುಸ್ತಕಗಳು ಸಿಗುವುದು ಪ್ರಕಾಶಕರ ಹೆಸರಿನ ಮೇಲೆಯೇ. ಜರ್ಮನ್ ಆವೃತ್ತಿಯನ್ನು ಮೊದಲು ನಡೆಸಿದ್ದು ಫಾಂಟಸಿ ಪ್ರೊಡಕ್ಷನ್ಸ್, ಎಂದರೆ ಆಟಗಾರರು ಚಿಕ್ಕದಾಗಿ ಫಾನ್‌ಪ್ರೊ ಎನ್ನುವ ಸಂಸ್ಥೆ. ಉಲ್ರಿಷ್ ಕೀಸೋ, ವೆರ್ನರ್ ಫುಕ್ಸ್ ಮತ್ತು ಹಾನ್ಸ್ ಯೋಆಖಿಮ್ ಆಲ್ಪರ್ಸ್ ಕೂಡಿ ಕಟ್ಟಿದ ಈ ಸಂಸ್ಥೆಗೆ ಜರ್ಮನಿಯ ಸ್ವಂತ ರೋಲ್‌ಪ್ಲೇ ಆಟವಾದ ‘ಡಾಸ್ ಶ್ವಾರ್ಟ್ಸೆ ಔಗೆ’ಯಿಂದ ಆಗಲೇ ಹೆಸರಿತ್ತು. ಕಾದಂಬರಿಗಳನ್ನು ಮಾತ್ರ 1990ರ ದಶಕದಲ್ಲಿ ಮ್ಯೂನಿಕ್‌ನ ಹೈನೆ ಪ್ರಕಾಶನ ಪಾಕೆಟ್ ಪುಸ್ತಕಗಳಾಗಿ ಹೊರತರುತ್ತಿತ್ತು. ಹೈನೆ ಆ ಮಾಲೆಯನ್ನು ನಿಲ್ಲಿಸಿದ ಮೇಲೆ ಫಾನ್‌ಪ್ರೊ ಕಾದಂಬರಿಗಳನ್ನೂ ತಾನೇ ಅಚ್ಚು ಹಾಕಿಸತೊಡಗಿತು. 2001ರಲ್ಲಿ ಫಾಸಾ ಬಾಗಿಲು ಮುಚ್ಚಿದಾಗ ಇಂಗ್ಲಿಷ್ ಶ್ಯಾಡೋರನ್ ಅನ್ನು ಮುಂದುವರಿಸುವ ಪರವಾನಗಿ ಫಾನ್‌ಪ್ರೊದ ಅಮೆರಿಕದ ಶಾಖೆಗೇ ದೊರೆಯಿತು, ಮತ್ತು 2005ರ ನಾಲ್ಕನೆಯ ಆವೃತ್ತಿಯನ್ನು ಹೊರತಂದದ್ದೂ ಅದೇ ಶಾಖೆ. ಜರ್ಮನ್ ಸಾಹಿತ್ಯವನ್ನು ಮೂಲಕ್ಕೆ ಅಂಟಿಸಿದ ಬಾಲಂಗೋಚಿ ಎಂದು ತಿಳಿಯುವವರು ಈ ಸಂಗತಿಯನ್ನು ಗಮನಿಸಬೇಕು: ಕೆಲವು ವರ್ಷಗಳ ಕಾಲ ಮೂಲವನ್ನೇ ಉಳಿಸಿದವರು ಜರ್ಮನ್ನರು. ಅನಂತರ, 2007ರ ಆಸುಪಾಸಿನಲ್ಲಿ, ಇಂಗ್ಲಿಷ್ ಆವೃತ್ತಿ ಕ್ಯಾಟಲಿಸ್ಟ್ ಗೇಮ್ ಲ್ಯಾಬ್ಸ್‌ಗೂ ಜರ್ಮನ್ ಆವೃತ್ತಿ ಹೆಸ್ಸೆನ್ ರಾಜ್ಯದ ಫ್ರೀಡ್‌ಬೆರ್ಗ್ ಊರಿನ ಪೆಗಾಸುಸ್ ಶ್ಪೀಲೆಗೂ ಹೋದವು.

ಈಗ ಕೈಯಲ್ಲಿರುವ ಕಾದಂಬರಿ ಅನುವಾದವೋ ಜರ್ಮನ್ ಮೂಲದ್ದೋ ಎಂದು ಗುರುತಿಸುವ ಕೆಲಸ. ಮುಖಪುಟವನ್ನು ನೋಡಿ ಇದನ್ನು ಹೇಳಲಾಗದು, ಏಕೆಂದರೆ ಹೈನೆ ಎರಡನ್ನೂ ಒಂದೇ ಮಾಲೆಯಲ್ಲಿ, ಒಂದೇ ವಿನ್ಯಾಸದಲ್ಲಿ ಪ್ರಕಟಿಸಿತು. ಶೀರ್ಷಿಕೆಪುಟವನ್ನು ಮಗುಚಿ, ಅದರ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಪ್ರಕಾಶನ ವಿವರವನ್ನು ಓದಬೇಕು. ಅಲ್ಲಿ ‘ಟೀಟೆಲ್ ಡೆರ್ ಅಮೆರಿಕಾನಿಶೆನ್ ಒರಿಗಿನಾಲ್‌ಔಸ್‌ಗಾಬೆ’ (ಅಮೆರಿಕನ್ ಮೂಲ ಆವೃತ್ತಿಯ ಶೀರ್ಷಿಕೆ) ಎಂಬ ಸಾಲಿದ್ದು ಅದರ ಕೆಳಗೆ ಇಂಗ್ಲಿಷ್ ಹೆಸರು ಮತ್ತು ಅನುವಾದಕರ ಹೆಸರು ಇದ್ದರೆ ಅದು ಅನುವಾದ. ಬರೀ ‘ಒರಿಗಿನಾಲ್‌ಔಸ್‌ಗಾಬೆ’ ಎಂದಿದ್ದು ಅನುವಾದಕರ ಸುಳಿವೇ ಇಲ್ಲದಿದ್ದರೆ ಅದು ಜರ್ಮನ್ನಿನಲ್ಲಿಯೇ ಹುಟ್ಟಿದ ಕಾದಂಬರಿ. ಉದಾಹರಣೆಗೆ, ರಾಬರ್ಟ್ ಚಾರೆಟ್ ಅವರ ‘ಲಾಸ್ ಆಬ್ ಫೋನ್ ಡ್ರಾಖೆನ್’ ಹೆಸರಿನಲ್ಲಿಯೂ ನೋಟದಲ್ಲಿಯೂ ಎಷ್ಟೇ ಜರ್ಮನ್ ಆಗಿ ಕಂಡರೂ ಅದು ಇಂಗ್ಲಿಷ್ ಮಾಲೆಯ ಆರಂಭದ ಕಾದಂಬರಿಯ ಅನುವಾದ. ಇಂಗ್ಲಿಷ್ ಬಲ್ಲವರು ಅದಕ್ಕಾಗಿ ಜರ್ಮನಿಯಿಂದ ಪುಸ್ತಕ ತರಿಸುವುದರಲ್ಲಿ ಅರ್ಥವಿಲ್ಲ. ಪುಸ್ತಕ ಕೈಗೆ ಬರುವ ಮುನ್ನವೇ ಇದನ್ನು ಖಚಿತಪಡಿಸಿಕೊಳ್ಳಬೇಕಾದರೆ, ಫ್ರಾಂಕ್‌ಫರ್ಟ್ ಮತ್ತು ಲೈಪ್‌ಜಿಗ್ ನಗರಗಳಲ್ಲಿರುವ ಜರ್ಮನ್ ರಾಷ್ಟ್ರೀಯ ಗ್ರಂಥಾಲಯದ ಸೂಚಿಯನ್ನು ಮನೆಯಿಂದಲೇ ನೋಡಬಹುದು. ಆ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕವೂ ಕಾನೂನಿನ ಪ್ರಕಾರ ಅಲ್ಲಿಗೆ ಹೋಗಬೇಕಾದ್ದರಿಂದ, ಅನುವಾದಕರ ಹೆಸರು ಸಾಮಾನ್ಯವಾಗಿ ಆ ದಾಖಲೆಯಲ್ಲಿ ಸಿಗುತ್ತದೆ.

ಮೂಲ ಜರ್ಮನ್ ಕಾದಂಬರಿಗಳಲ್ಲಿ ಮೊದಲು ಓದಬೇಕಾದದ್ದು ಆಲ್ಪರ್ಸ್ ಅವರ ಮೂರು ಸಂಪುಟಗಳು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ‘ಡಾಸ್ ತ್ಸೆರ್‌ರಿಸೆನೆ ಲಾಂಡ್’, ‘ಡೀ ಔಗೆನ್ ಡೆಸ್ ರಿಗ್ಗರ್ಸ್’ ಮತ್ತು ‘ಡೀ ಗ್ರಾವೆ ಎಮಿನೆನ್ಸ್’ ಎಂಬ ಈ ಮೂರೂ 1994–95ರಲ್ಲಿ ಹೊರಬಂದವು. ಅವನ್ನು ಒಟ್ಟಾಗಿ ‘ಡಾಯ್ಚ್‌ಲಾಂಡ್ ಇನ್ ಡೆನ್ ಶಾಟೆನ್’, ಎಂದರೆ ನೆರಳಿನಲ್ಲಿರುವ ಜರ್ಮನಿ, ಎಂದು ಕರೆಯುತ್ತಾರೆ. 1992ರಲ್ಲಿ ಬಂದ ಪ್ರದೇಶ ಕೈಪಿಡಿಯ ಹೆಸರೂ ಇದೇ ಆದ್ದರಿಂದ ಕೊಳ್ಳುವಾಗ ಯಾವುದನ್ನು ಕೊಳ್ಳುತ್ತಿದ್ದೇವೆ ಎಂದು ಎರಡು ಬಾರಿ ನೋಡಬೇಕು. ಆಲ್ಪರ್ಸ್ ಕೇವಲ ಆಟದ ಲೇಖಕರಾಗಿರಲಿಲ್ಲ. ಜರ್ಮನ್ ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಸಂಪಾದಕರಾಗಿ, ಕೋಶಕಾರರಾಗಿ ದಶಕಗಳ ಕಾಲ ದುಡಿದಿದ್ದ ಅವರು ಪರವಾನಗಿ ಕಾದಂಬರಿಯೆಂದು ಬರಹವನ್ನು ಹಗುರ ಮಾಡಲಿಲ್ಲ. ಎರಡು ಜರ್ಮನಿಗಳು ಒಂದಾಗಿ ಐದು ವರ್ಷವೂ ತುಂಬದಿದ್ದ ಹೊತ್ತಿನಲ್ಲಿ ಚೂರುಚೂರಾದ ದೇಶವೊಂದರ ಕಥೆ ಹೇಳಲು ಹೊರಟದ್ದೇ ಆ ಪುಸ್ತಕಗಳ ಬಿಸಿಗೆ ಕಾರಣ.

ಎರಡನೆಯ ಹೆಜ್ಜೆಯಾಗಿ ಮಾರ್ಕುಸ್ ಹೈಟ್ಸ್ ಅವರನ್ನು ಓದಬಹುದು. ಕುಬ್ಜರ ಕುರಿತ ಫ್ಯಾಂಟಸಿ ಮಾಲೆಯಿಂದ 2003ರ ನಂತರ ಮನೆಮಾತಾದ ಈ ಲೇಖಕರು ಅದಕ್ಕೂ ಸ್ವಲ್ಪ ಮುಂಚೆ, 2002ರಿಂದ, ‘ಟಿಎಕೆಸಿ 3000’, ‘ಗೋಟೆಸ್ ಎಂಗೆಲ್’ ಮುಂತಾದ ಶ್ಯಾಡೋರನ್ ಕಾದಂಬರಿಗಳನ್ನು ಬರೆದರು. ಅವುಗಳಲ್ಲಿ ಬರುವ, ಕ್ಯಾಮೆರಾ ಹಿಡಿದು ಅಪಾಯದ ಬೆನ್ನು ಹತ್ತುವ ಪೂಲಿಟ್ಸರ್ ಎಂಬ ವರದಿಗಾರ ಓದುಗನನ್ನು ಸಲೀಸಾಗಿ ಕಥೆಯೊಳಕ್ಕೆ ಎಳೆದುಕೊಳ್ಳುತ್ತಾನೆ. ಭಾಷೆ ಸರಳ, ವಾಕ್ಯಗಳು ಚಿಕ್ಕವು. ಜರ್ಮನ್ ಕಲಿಕೆಯಲ್ಲಿರುವವರು ಆಲ್ಪರ್ಸ್‌ಗಿಂತ ಮೊದಲೇ ಇವರಿಂದ ಆರಂಭಿಸಿದರೂ ತಪ್ಪಿಲ್ಲ. ವಿಯೆನ್ನಾ ನಗರವನ್ನು ಕಾಣಬೇಕೆನ್ನುವವರಿಗೆ ಆಸ್ಟ್ರಿಯಾದ ಹಾಸ್ಯ ಕಲಾವಿದ ಲಿಯೋ ಲುಕಾಸ್ ಬರೆದ ‘ವೀನರ್ ಬ್ಲೈ’ ಇದೆ.

ಈ ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಇಂದು ಹೊಸದಾಗಿ ಸಿಗುವುದಿಲ್ಲ. ಬುಕ್‌ಲೂಕರ್, ಝಡ್‌ವಿಎಬಿ, ಮೆಡಿಮೋಪ್ಸ್‌ನಂಥ ಹಳೆಯ ಪುಸ್ತಕಗಳ ಮಾರಾಟ ತಾಣಗಳಲ್ಲಿ ಹುಡುಕುವಾಗ ಎರಡು ಸಂಗತಿಗಳು ನೆನಪಿರಲಿ. ಹೈನೆಯ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಪುಸ್ತಕಗಳ ಕ್ರಮಸಂಖ್ಯೆ 06 ಎಂಬ ಅಂಕಿಯಿಂದ ಆರಂಭವಾಗುತ್ತದೆ. ಮಾರುವವರು ಲೇಖಕರ ಹೆಸರನ್ನು ತಪ್ಪಾಗಿ ಬರೆದಿದ್ದರೂ ಈ ಸಂಖ್ಯೆಯನ್ನು ಸಾಮಾನ್ಯವಾಗಿ ಬೆನ್ನುಪಟ್ಟಿಯಿಂದ ನೋಡಿ ಸರಿಯಾಗಿಯೇ ನಮೂದಿಸಿರುತ್ತಾರೆ. ಇನ್ನೊಂದು, 1996ರ ಕಾಗುಣಿತ ಸುಧಾರಣೆಗೆ ಮುಂಚಿನ ಶೀರ್ಷಿಕೆಗಳಲ್ಲಿ ಇಂದು ಎರಡು ‘ಎಸ್’ ಬರುವ ಕೆಲವು ಕಡೆ ‘ಎಸ್‌ತ್ಸೆಟ್’ (ß) ಅಕ್ಷರವಿರುತ್ತದೆ. ಒಂದು ಬಗೆಯಲ್ಲಿ ಹುಡುಕಿ ಸಿಗದಿದ್ದರೆ ಇನ್ನೊಂದು ಬಗೆಯಲ್ಲಿ ಹುಡುಕಬೇಕು. ಬಹಳಷ್ಟು ಮಾರಾಟಗಾರರು ಭಾರತಕ್ಕೆ ಕಳುಹಿಸುವುದಿಲ್ಲ, ಕಳುಹಿಸಿದರೂ ಅಂಚೆವೆಚ್ಚ ಪುಸ್ತಕದ ಬೆಲೆಯನ್ನು ಮೀರುತ್ತದೆ. ಜರ್ಮನಿಯಲ್ಲಿರುವ ನೆಂಟರ ಅಥವಾ ಗೆಳೆಯರ ವಿಳಾಸಕ್ಕೆ ತರಿಸಿ, ಅವರು ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ತರಲು ಹೇಳುವುದೇ ಮೇಲು. ಪಾಕೆಟ್ ಪುಸ್ತಕಗಳು ಹಗುರವಾದ್ದರಿಂದ ಯಾರೂ ಬೇಸರಪಡುವುದಿಲ್ಲ. ಗಟ್ಟಿ ರಟ್ಟಿನ ನಿಯಮಗ್ರಂಥಗಳ ಮಾತು ಬೇರೆ.

ಪ್ರದೇಶ ಕೈಪಿಡಿಗಳನ್ನು ಓದಲು ಸ್ವಲ್ಪ ಅಭ್ಯಾಸ ಬೇಕು. ಹಳೆಯ ಶ್ಯಾಡೋರನ್ ಕೈಪಿಡಿಯ ಯಾವುದೇ ಪುಟ ತೆರೆದರೂ ಎರಡು ದನಿಗಳು ಕೇಳುತ್ತವೆ. ಒಂದು, ನಗರದ ಪ್ರವಾಸಿ ಮಾರ್ಗದರ್ಶಿಯಂತೆಯೋ ಸರ್ಕಾರಿ ವರದಿಯಂತೆಯೋ ಸಾಗುವ ಮುಖ್ಯ ಪಠ್ಯ. ಇನ್ನೊಂದು, ಅದರ ನಡುನಡುವೆ ಬಾಣದ ಗುರುತುಗಳ ಸಾಲು ಮತ್ತು ಚೌಕ ಆವರಣಗಳೊಳಗೆ ತೂರಿಸಿದ ರನ್ನರ್‌ಗಳ ಟಿಪ್ಪಣಿಗಳು. ಪ್ರತಿಯೊಂದರ ಕೊನೆಯಲ್ಲಿ ಬರೆದವನ ಅಡ್ಡಹೆಸರೂ ಗಂಟೆ, ನಿಮಿಷ, ದಿನಾಂಕಗಳೂ ಇರುತ್ತವೆ. ಮುಖ್ಯ ಪಠ್ಯ ‘ಈ ಬಡಾವಣೆ ಸುರಕ್ಷಿತ’ ಎಂದರೆ ಕೆಳಗಿನ ಟಿಪ್ಪಣಿ ಅದನ್ನು ಗೇಲಿ ಮಾಡುತ್ತದೆ, ಅದರ ಕೆಳಗಿನದು ಗೇಲಿ ಮಾಡಿದವನನ್ನೇ ಸುಳ್ಳುಗಾರ ಎನ್ನುತ್ತದೆ. ಇಲ್ಲಿ ಯಾರ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ. ಯಾವುದು ನಿಜವೆಂದು ತೀರ್ಮಾನಿಸುವ ಅಧಿಕಾರವನ್ನು ಪುಸ್ತಕ ಉದ್ದೇಶಪೂರ್ವಕವಾಗಿ ಆಟ ನಡೆಸುವವರಿಗೆ ಬಿಟ್ಟಿದೆ. ಆದ್ದರಿಂದ ಮೊದಲ ಓದಿನಲ್ಲಿ ಟಿಪ್ಪಣಿಗಳನ್ನು ಬಿಟ್ಟು ಮುಖ್ಯ ಪಠ್ಯವನ್ನಷ್ಟೇ ಓದಿ, ಎರಡನೆಯ ಓದಿನಲ್ಲಿ ಟಿಪ್ಪಣಿಗಳಿಗೆ ಮರಳುವುದು ಒಳ್ಳೆಯದು. ಆಡುಮಾತಿನ ಕಾರಣದಿಂದ ಟಿಪ್ಪಣಿಗಳ ಜರ್ಮನ್ ಹೆಚ್ಚು ಕಷ್ಟ, ಆದರೆ ಸಾಹಸಕ್ಕೆ ಬೇಕಾದ ಎಳೆಗಳೆಲ್ಲ ಸಿಗುವುದು ಅಲ್ಲಿಯೇ.

ಪುಸ್ತಕಗಳನ್ನು ಪ್ರಕಟಣೆಯ ಕ್ರಮದಲ್ಲಿ ಓದಲು ಹೋದವರು ಬಹುಬೇಗ ದಣಿಯುತ್ತಾರೆ. ಒಂದು ಪ್ರದೇಶವನ್ನು ಆರಿಸಿಕೊಂಡು ಅದರ ಸುತ್ತ ಓದುವುದು ಉತ್ತಮ. ಶ್ಯಾಡೋರನ್ ಲೋಕದ ಜರ್ಮನಿಯ ಹೆಸರು ಅಲಿಯಾನ್ಸ್ ಡಾಯ್ಚರ್ ಲೆಂಡರ್, ಚಿಕ್ಕದಾಗಿ ಎಡಿಎಲ್. ಅದರೊಳಗೆ ಕಪ್ಪು ಅರಣ್ಯದಲ್ಲಿ ಟ್ರೋಲ್‌ಗಳ ರಾಜ್ಯ, ಈಶಾನ್ಯದ ಕಡಲ ತೀರದಲ್ಲಿ ಪೊಮೊರ್ಯ ಎಂಬ ಎಲ್ಫ್ ಸಂಸ್ಥಾನ, ಪಶ್ಚಿಮದಲ್ಲಿ ಊರುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ರೈನ್-ರೂರ್ ಮಹಾನಗರ ಇವೆ. ಆ ಮಹಾನಗರದ ಎಸೆನ್‌ನಲ್ಲಿ ಸೇಡರ್-ಕ್ರುಪ್ ಕಂಪನಿಯ ಕೇಂದ್ರವಿದ್ದು, ಅದರ ಒಡೆಯ ಲೋಫ್ವಿರ್ ಎಂಬ ಚಿನ್ನದ ಬಣ್ಣದ ಮಹಾಡ್ರ್ಯಾಗನ್. ನಿಜ ಜೀವನದ ಕ್ರುಪ್ ಉಕ್ಕಿನ ಮನೆತನ ಬೆಳೆದದ್ದೂ ಎಸೆನ್‌ನಲ್ಲಿಯೇ ಎಂಬುದು ಗೊತ್ತಿದ್ದರೆ ಆ ಕಲ್ಪನೆಯ ಮೊನೆ ಇನ್ನೂ ಚುರುಕಾಗಿ ತಾಗುತ್ತದೆ. ಸಾರ್, ಲೊರೇನ್, ಲಕ್ಸೆಂಬರ್ಗ್ ಸೇರುವೆಡೆಯಲ್ಲಿ ಅಣುಸ್ಥಾವರದ ದುರಂತದಿಂದ ವಿಷವಾಗಿ, ಗೋಡೆ ಕಟ್ಟಿ ಮುಚ್ಚಿದ ‘ಎಸ್‌ಓಎಕ್ಸ್’ ವಲಯವಿದೆ. ಈ ಕಲ್ಪನೆಗೆ ಆಧಾರವಾದ ಕಾಟೆನೋಮ್ ಸ್ಥಾವರ ಫ್ರಾನ್ಸಿನ ಗಡಿಯೊಳಗೆ ಇಂದಿಗೂ ಇದೆ. 1986ರಲ್ಲಿ ಚೆರ್ನೊಬಿಲ್ ಸ್ಫೋಟವನ್ನೂ, ಅದೇ ವರ್ಷ ಬಾಸೆಲ್ ಬಳಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು ರೈನ್ ನದಿ ಕೆಂಪಾದುದನ್ನೂ ಕಂಡ ಸಮಾಜದ ಭಯಗಳು ಆಟದ ಭೂಪಟದಲ್ಲಿ ಹೀಗೆ ಊರುಗಳಾಗಿ ನಿಂತಿವೆ.

ಬರ್ಲಿನ್ ಅನ್ನು ಆರಿಸಿಕೊಳ್ಳುವವರಿಗೆ ಒಂದು ಅನುಕೂಲವಿದೆ. ಜರ್ಮನ್ ಲೇಖಕರು ಕಟ್ಟಿದ ಬರ್ಲಿನ್, ಆಳುವವರಿಲ್ಲದೆ ಅರಾಜಕರು ತಾವೇ ನಡೆಸುವ ನಗರ. 1990ರ ನವೆಂಬರಿನಲ್ಲಿ ಮೈನ್ಸರ್ ಬೀದಿಯ ಖಾಲಿ ಮನೆಗಳನ್ನು ಹಿಡಿದಿದ್ದ ಯುವಕರನ್ನು ಪೊಲೀಸರು ಹೊರದಬ್ಬಿದ ಗಲಭೆಯ ನೆನಪು ಆಗ ಇನ್ನೂ ಹಸಿಯಾಗಿತ್ತು. ಇದೇ ನಗರವನ್ನು 2054ರ ಕಾಲದಲ್ಲಿಟ್ಟು ಹೇರ್‌ಬ್ರೇನ್ಡ್ ಸ್ಕೀಮ್ಸ್ 2014ರಲ್ಲಿ ‘ಡ್ರ್ಯಾಗನ್‌ಫಾಲ್’ ಎಂಬ ಕಂಪ್ಯೂಟರ್ ಆಟವನ್ನು ಇಂಗ್ಲಿಷಿನಲ್ಲಿ ಹೊರತಂದಿತು. ಜರ್ಮನ್ ಪುಸ್ತಕ ತೆರೆಯುವ ಮುನ್ನ ಅದನ್ನು ಆಡಿದರೆ ಕ್ರಾಯ್ಟ್ಸ್‌ಬೆರ್ಗ್‌ನ ಸಂತೆ, ಬಡಾವಣೆಗಳ ನಡುವಿನ ವೈರ, ಫಾಯರ್‌ಶ್ವಿಂಗೆ ಎಂಬ ಡ್ರ್ಯಾಗನ್‌ನ ಕಥೆ ಎಲ್ಲವೂ ಪರಿಚಯವಾಗಿರುತ್ತವೆ, ಓದು ಅರ್ಧಕ್ಕರ್ಧ ಹಗುರವಾಗುತ್ತದೆ. ಇಂಗ್ಲಿಷಿನಲ್ಲಿ ಸಿಗುವ ಇನ್ನೆರಡು ದಾರಿಗಳೆಂದರೆ ಫಾಸಾ 1994ರಲ್ಲಿ ಹೊರತಂದ ಜರ್ಮನಿ ಕೈಪಿಡಿ ಮತ್ತು 2004ರಲ್ಲಿ ಬಂದ ಯುರೋಪಿನ ಕೈಪಿಡಿ. ಇವನ್ನು ಪಕ್ಕದಲ್ಲಿಟ್ಟುಕೊಂಡರೆ ಹೆಸರುಗಳ ಗೊಂದಲ ತಪ್ಪುತ್ತದೆ.

ಪೆಗಾಸುಸ್ ಕಾಲದ ಹೆಚ್ಚುವರಿ ಸಾಮಗ್ರಿ ಇವತ್ತಿಗೂ ಬೆಳೆಯುತ್ತಿದೆ. ಜರ್ಮನ್ ನಿಯಮಗ್ರಂಥಗಳನ್ನು ಅವರು ಬರಿದೇ ಅನುವಾದಿಸುವುದಿಲ್ಲ; ಇಂಗ್ಲಿಷ್ ಮುದ್ರಣದ ತಪ್ಪುಗಳನ್ನು ತಿದ್ದಿ, ಎಡಿಎಲ್ ಕುರಿತ ಪುಟಗಳನ್ನು ಸೇರಿಸುವುದು ಅವರ ರೂಢಿ. ಇಂಗ್ಲಿಷ್ ಆವೃತ್ತಿಯ ಅಚ್ಚಿನ ತಪ್ಪುಗಳಿಂದ ಬೇಸತ್ತ ಆಟಗಾರರು ನಿಯಮಕ್ಕಾಗಿಯೇ ಜರ್ಮನ್ ಪುಸ್ತಕವನ್ನು ನೋಡುವುದುಂಟು, ಮತ್ತು ನನ್ನ ಅಭಿಪ್ರಾಯದಲ್ಲಿ ಅವರು ಮಾಡುವುದು ಸರಿ. ‘ಬರ್ಲಿನ್ 2080’ರಂಥ ದೊಡ್ಡ ಕೈಪಿಡಿಗಳಲ್ಲದೆ ‘ಡಾಟಾಪುಲ್ಸ್’ ಎಂಬ ಹೆಸರಿನ ಸಣ್ಣ ಪುಸ್ತಿಕೆಗಳೂ ಪಿಡಿಎಫ್ ರೂಪದಲ್ಲಿ ಬಂದಿವೆ. ಅಂಚೆವೆಚ್ಚವಿಲ್ಲದ ಕಾರಣ ಭಾರತದಲ್ಲಿರುವವರು ಇವುಗಳಿಂದ ಆರಂಭಿಸುವುದು ಲೇಸು. ಹಳೆಯ ಪುಸ್ತಕಗಳ ಸಂಗತಿಗಳನ್ನು ಹೊಂದಿಸಿ ನೋಡಲು ಅಭಿಮಾನಿಗಳೇ ಕಟ್ಟಿರುವ ‘ಶ್ಯಾಡೋಹೆಲಿಕ್ಸ್’ ಎಂಬ ಜರ್ಮನ್ ವಿಕಿ ನೆರವಾಗುತ್ತದೆ. ಪ್ರತಿ ಅಕ್ಟೋಬರಿನಲ್ಲಿ ಎಸೆನ್‌ನಲ್ಲಿಯೇ ನಡೆಯುವ ‘ಶ್ಪೀಲ್’ ಆಟಗಳ ಮೇಳಕ್ಕೆ ಹೋಗಲು ಸಾಧ್ಯವಿರುವವರು ಹೊಸ ಪುಸ್ತಕಗಳನ್ನು ಅಲ್ಲಿಯೇ ಕೈಯಲ್ಲಿ ಹಿಡಿದು ನೋಡಬಹುದು.

ಎಷ್ಟು ಜರ್ಮನ್ ಬೇಕು ಎಂಬ ಪ್ರಶ್ನೆಗೆ ಉತ್ತರ ಪುಸ್ತಕದ ಬಗೆಯನ್ನು ಅವಲಂಬಿಸಿದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಂಥ ಜರ್ಮನ್ ಕಲಿಸುವ ಕಡೆ, ಎ1ರಿಂದ ಮೇಲೇರುವ ಭಾಷಾಕಲಿಕೆಯ ಹಂತಗಳಲ್ಲಿ ನಡುವಿನದಾದ ಬಿ1 ಮುಗಿಸಿದವರು ನಿಘಂಟಿನ ನೆರವಿನಿಂದ ಹೈಟ್ಸ್ ಅವರನ್ನು ಓದಬಲ್ಲರು. ಆಲ್ಪರ್ಸ್‌ಗೂ ಕೈಪಿಡಿಗಳ ಟಿಪ್ಪಣಿಗಳಿಗೂ ಬಿ2 ಬೇಕು. ನಿಯಮಗಳ ಅಧ್ಯಾಯಗಳು ಮಾತ್ರ, ಒಂದೇ ಮಾದರಿಯ ವಾಕ್ಯಗಳು ಮರುಕಳಿಸುವುದರಿಂದ, ಎ2 ಹಂತದವರಿಗೂ ಅರ್ಥವಾಗುತ್ತವೆ.

ಕೊನೆಗೆ, ಓದಿದ್ದನ್ನು ಆಟಕ್ಕೆ ತರುವ ಬಗೆ. ಶ್ಯಾಡೋರನ್‌ನಲ್ಲಿ ಆವೃತ್ತಿ ಬದಲಾದಂತೆ ಕಥೆಯ ಕಾಲವೂ ಮುಂದಕ್ಕೆ ಸರಿಯುತ್ತದೆ: ಮೊದಲ ಆವೃತ್ತಿಯದು 2050, ನಾಲ್ಕನೆಯದು 2070, ಐದನೆಯದು 2075, 2019ರಲ್ಲಿ ಬಂದ ಆರನೆಯದು 2080. ಆದ್ದರಿಂದ 1992ರ ಕೈಪಿಡಿಯಿಂದ ವ್ಯಕ್ತಿಯೊಬ್ಬನನ್ನು ಎತ್ತಿಕೊಂಡರೆ ಇಂದಿನ ಆಟದಲ್ಲಿ ಅವನಿಗೆ ಮೂವತ್ತು ವರ್ಷ ಸೇರಿಸಬೇಕು. ನಿಧಾನವಾಗಿ ಮುಪ್ಪಾಗುವ ಎಲ್ಫ್ ಆಗಿದ್ದರೆ ಮುಖ ಹಾಗೆಯೇ ಉಳಿದೀತು, ಆಯುಸ್ಸು ಕಡಿಮೆಯಿರುವ ಓರ್ಕ್ ಆಗಿದ್ದರೆ ಅವನ ಮಗನನ್ನು ತರುವುದು ಸುರಕ್ಷಿತ. ಹಳೆಯ ಅಂಕಿಗಳನ್ನು ಹೊಸ ನಿಯಮಕ್ಕೆ ಪರಿವರ್ತಿಸುವ ಗೋಜಿಗೆ ಹೋಗಬಾರದು. ದಾಳ ಎಣಿಸುವ ಪದ್ಧತಿಯೇ ನಾಲ್ಕನೆಯ ಆವೃತ್ತಿಯಲ್ಲಿ ಬದಲಾಗಿರುವುದರಿಂದ ಅದು ವ್ಯರ್ಥ ಶ್ರಮ. ಸ್ಥಳ, ಮನುಷ್ಯರು ಮತ್ತು ಅವರ ನಡುವಿನ ಹಗೆ ಇಷ್ಟನ್ನು ಹಳೆಯ ಪುಸ್ತಕದಿಂದ ತೆಗೆದುಕೊಂಡು, ಅಂಕಿಗಳನ್ನು ಈಗಿನ ನಿಯಮಗ್ರಂಥದ ಸಿದ್ಧ ಪಾತ್ರಗಳಿಂದ ತುಂಬಿದರೆ ಸಾಕು. ಜರ್ಮನ್ ಕಾದಂಬರಿಯ ಸಂಗತಿಯೊಂದು ಇಂಗ್ಲಿಷ್ ಪುಸ್ತಕಕ್ಕೆ ವಿರುದ್ಧವಾಗಿ ಕಂಡಲ್ಲಿ ಎರಡನ್ನೂ ಆಟಗಾರರ ಮುಂದೆ ವದಂತಿಗಳಾಗಿ ಇಟ್ಟುಬಿಡಬಹುದು, ಆಮೇಲೆ ನಿಜ ಯಾವುದೆಂದು ಅವರೇ ಹುಡುಕಿಕೊಂಡು ಹೋಗುತ್ತಾರೆ.