ಲೋಕೋ ಪೈಲಟ್ ಕಣ್ಣಿಗೆ ಸಮ ಅಂದರೆ ಎಷ್ಟು ಮೀಟರ್?

ಹಳಿಯ ಮೇಲಿನ ಅಡ್ಡಿಯನ್ನು ಯಂತ್ರವೇ ಕಾಣಲೆಂದು ರೈಲಿಗೆ ಕ್ಯಾಮೆರಾ, ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಕೂರಿಸುವ ಕೆಲಸ ಅಂದರೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಮೆಟ್ರೋದ ಹಳದಿ ಮಾರ್ಗದ ಬಗ್ಗೆ. ಅಲ್ಲಿ ಹಳಿಗೆ ಜನ, ದನ ಅಡ್ಡ ಬರುವ ತಲೆನೋವು ಕಡಿಮೆ. ಹಳಿ ಕಂಬಗಳ ಮೇಲಿದೆ, ಮುಂದಿನ ರೈಲಿನಿಂದ ಅಂತರ ಕಾಯುವುದು ಸಿಬಿಟಿಸಿ ಎಂಬ ರೇಡಿಯೋ ಆಧಾರಿತ ಸಿಗ್ನಲ್ ವ್ಯವಸ್ಥೆ. ನಮ್ಮ ತಂಡದ ಪಾಲಿಗೆ ಬಂದದ್ದು ಲೆವೆಲ್ ಕ್ರಾಸಿಂಗು, ದನ, ಹಳಿ ರಿಪೇರಿಯ ಗ್ಯಾಂಗ್‌ಮನ್‌ಗಳಿರುವ ಬಯಲಿನ ಹಳಿ. ಯಂತ್ರ 'ಕನಿಷ್ಠ ಚಾಲಕನಷ್ಟಾದರೂ' ನೋಡಬೇಕು ಎಂದು ಗ್ರಾಹಕರು ಬರೆದಿದ್ದರು. ಐರೋಪ್ಯ ಒಕ್ಕೂಟದ 402/2013 ನಿಯಮವೂ ಈಗಿರುವ ವ್ಯವಸ್ಥೆಗೆ ಹೋಲಿಸಿ ಸುರಕ್ಷತೆ ತೋರಿಸಲು ಅವಕಾಶ ಕೊಡುತ್ತದೆ. ಆದರೆ ಚಾಲಕ ಎಷ್ಟು ನೋಡುತ್ತಾನೆ ಎಂದು ಮೊದಲು ಅಳೆಯಬೇಕಲ್ಲ!

ನಿವೃತ್ತ ಲೋಕೋ ಪೈಲಟ್‌ಗಳನ್ನು ಕರೆದೆವು. ವಿಡಿಯೋ ತೋರಿಸಿ ಗುಂಡಿ ಒತ್ತಿಸುವುದು ಸುಲಭ, ಅಗ್ಗ. ನಾನು ಒಪ್ಪಲಿಲ್ಲ. 700 ಮೀಟರ್ ದೂರದ ಮನುಷ್ಯನ ಅಗಲ ಕಣ್ಣಿಗೆ ಒಂದು ಡಿಗ್ರಿಯ 25ರಲ್ಲಿ ಒಂದು ಪಾಲು. ಅಗಲ ಲೆನ್ಸಿನ ವಿಡಿಯೋದಲ್ಲಿ ಅದು ಎರಡು ಮೂರು ಪಿಕ್ಸೆಲ್ ಅಷ್ಟೇ. ಹಾಗೆ ಅಳೆದರೆ ಸಿಗುವುದು ಮಾನಿಟರಿನ ದೃಷ್ಟಿ. ಹಾಗಾಗಿ ಒಂದು ಖಾಲಿ ಸೈಡಿಂಗ್‌ನಲ್ಲಿ (ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿ) ಬೊಂಬೆಗಳನ್ನು ನಿಲ್ಲಿಸಿದೆವು: ಒಂದಕ್ಕೆ ಕಿತ್ತಳೆ ಜಾಕೆಟ್, ಇನ್ನೊಂದಕ್ಕೆ ಮಣ್ಣು ಬಣ್ಣದ ಕಂಬಳಿ. 'ಏನೋ ಬರುತ್ತೆ, ನೋಡ್ತಿರಿ' ಎಂದು ಹೇಳಲಿಲ್ಲ. ಡ್ಯೂಟಿಯಲ್ಲಿ ಯಾರೂ ಹಾಗೆ ಹೇಳಿ ದನ ಬಿಡುವುದಿಲ್ಲ. ಎಂದಿನಂತೆ ಸಿಗ್ನಲ್ ಕೂಗಿ ಹೇಳುತ್ತಿರಲಿ, ಬೊಂಬೆ ಎಲ್ಲೋ ಅಪರೂಪಕ್ಕೆ ಎದುರಾಗಲಿ ಎಂದು ಬಿಟ್ಟೆವು.

ಕಂಬಳಿ ಕಂಡದ್ದು ಜಾಕೆಟ್‌ಗಿಂತ ತೀರಾ ತಡವಾಗಿ. ಸಂಜೆ ಬಿಸಿಲು ಎದುರಿಗಿದ್ದರೆ ಜಾಕೆಟ್ಟೂ ಅಷ್ಟಕ್ಕಷ್ಟೆ. ಒಂದೇ ಮೀಟರ್ ಲೆಕ್ಕ ಕೇಳುತ್ತಿದ್ದ ಮ್ಯಾನೇಜರ್‌ಗೆ ಬೇಸರವಾಯಿತು. ನಾವು ಕೊಟ್ಟದ್ದು ಬೆಳಕು, ಗಾತ್ರ, ಬಣ್ಣಕ್ಕೆ ತಕ್ಕಂತೆ 'ಇಷ್ಟು ದೂರದಲ್ಲಿ ಕಾಣುವ ಸಂಭವ ಇಷ್ಟು' ಎನ್ನುವ ಗ್ರಾಫಿನ ಗೆರೆಗಳನ್ನು. ಯಂತ್ರ ಯಾವ ಗೆರೆಗಿಂತಲೂ ಕೆಳಗಿಳಿಯಬಾರದು.

ಪಕ್ಕದಲ್ಲೇ ಬ್ರೇಕಿನ ಲೆಕ್ಕ. ಗಂಟೆಗೆ 110 ಕಿ.ಮೀ. ವೇಗ, ಬ್ರೇಕ್ ಹಾಕಿದಾಗ ಪ್ರತಿ ಸೆಕೆಂಡಿಗೂ ವೇಗದಲ್ಲಿ ಸೆಕೆಂಡಿಗೆ 0.7 ಮೀಟರ್‌ನಷ್ಟು ಇಳಿಕೆ, ಪ್ರತಿಕ್ರಿಯೆಗೆ ಎರಡು ಸೆಕೆಂಡ್ ಎಂದರೆ ರೈಲು ನಿಲ್ಲಲು ಸುಮಾರು 730 ಮೀಟರ್ ಬೇಕು. ರಾತ್ರಿ ಹೆಡ್‌ಲೈಟಿನಲ್ಲಿ ಕಂಬಳಿ ಹೊದ್ದವನು ಅಷ್ಟು ದೂರಕ್ಕೆ ಕಾಣುವುದಿಲ್ಲ. ಎಷ್ಟೋ ಸಲ ಚಾಲಕನ ಕಣ್ಣು ರೈಲನ್ನು ನಿಲ್ಲಿಸುವುದಿಲ್ಲ, ಹಾರನ್ ಹೊಡೆಸುತ್ತದೆ. ಈ ಮಾತು ಗ್ರಾಹಕರಿಗೆ ರುಚಿಸಲಿಲ್ಲ, ಆದರೂ ದಾಖಲೆಯಲ್ಲಿ ಉಳಿಸಿದೆ.

ಗೆರೆಗಳಲ್ಲಿ ಸಿಗದದ್ದೂ ಇತ್ತು. 'ಆ ಗ್ಯಾಂಗ್‌ನೋನು ಇನ್ನೂ ನಮ್ಮ ಕಡೆ ತಿರುಗಿಲ್ಲ ಸರ್, ಇನ್ನೊಂದ್ಸಲ ಹಾರನ್ ಹೊಡೀಬೇಕು' ಎಂದರು ಒಬ್ಬರು. ಅವರು ನೋಡುತ್ತಿದ್ದದ್ದು ಮನುಷ್ಯ ಇದ್ದಾನೆಯೇ ಎಂದಲ್ಲ, ರೈಲು ಬರುವುದು ಅವನಿಗೆ ಗೊತ್ತಾಗಿದೆಯೇ ಎಂದು. ಮತ್ತೊಬ್ಬರು ಹಳಿಯ ಜರ್ಕ್, ಅಂದರೆ ಹಳಿ ಕೆಟ್ಟ ಕಡೆ ಗಾಡಿ ಕುಲುಕುವ ಮಾತೆತ್ತಿದರು: ಅದು ಸೀಟಿನಲ್ಲೇ ಗೊತ್ತಾಗುತ್ತದೆ, ಮುಂದಿನ ಸ್ಟೇಷನ್ನಿಗೆ ತಿಳಿಸಿದರೆ ಹಿಂದೆ ಬರುವ ಗಾಡಿಗಳಿಗೆ ವೇಗಮಿತಿ ಹಾಕುತ್ತಾರೆ. ಕ್ಯಾಮೆರಾ ಎಷ್ಟೇ ಒಳ್ಳೆಯದಿರಲಿ, ಇದು ಅದಕ್ಕೆ ದಕ್ಕದು. ಜರ್ಕ್ ಅನ್ನು ಆಕ್ಸಲ್ ಬಾಕ್ಸಿನ (ಚಕ್ರದ ಅಚ್ಚಿನ ತುದಿಯ ಪೆಟ್ಟಿಗೆ) ಕಂಪನ ಸೆನ್ಸರ್‌ಗೆ ವಹಿಸಿದೆವು. ತಲೆ ತಿರುಗಿಸದವನಿಗೆ ಮತ್ತೆ ಹಾರನ್ ಹೊಡೆಯಬೇಕು ಎಂಬ ಷರತ್ತನ್ನು ಪ್ರತ್ಯೇಕವಾಗಿ ಬರೆದೆ. ಅದನ್ನು ಪರೀಕ್ಷಿಸುವುದು ಹೇಗೆ ಎಂದು ಗ್ರಾಹಕರು ಕೇಳಿದ್ದಾರೆ. ಸದ್ಯ ಅದರ ಮೇಲೆ ಪತ್ರ ವ್ಯವಹಾರ ನಡೆದಿದೆ.